ಬಿಷಪ್ಪರ ಬೆಳ್ಳಿ ಎಲ್ಲರಿಗೂ ನೆನಪಿದೆ. ಹಿಂದಿನ ರಾತ್ರಿಯ ಊಟ ನೆನಪಿದೆಯಾ?

ಕಂದೀಲು

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ವಿಕ್ಟರ್ ಹ್ಯೂಗೋ ಬರೆದ ‘ಲೆ ಮಿಸೆರಾಬ್ಲ್’ ಓದುತ್ತಿದ್ದೇನೆ. ಸಂಗ್ರಹ ಅಲ್ಲ, ಪೂರ್ತಿ ಪುಸ್ತಕ. 1862ರಲ್ಲಿ ಬಂದದ್ದು. ಓದಿದ ಒಂದು ಭಾಗ ಮನಸ್ಸಿನಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಥೆ ನಿಮಗೆಲ್ಲ ಗೊತ್ತು. ಜೈಲಿನಿಂದ ಬಂದವನಿಗೆ ಬಿಷಪ್ಪರು ಊಟ ಹಾಕಿ ಮಲಗಲು ಜಾಗ ಕೊಡುತ್ತಾರೆ. ಅವನು ರಾತ್ರಿ ಬೆಳ್ಳಿ ಕದ್ದು ಓಡುತ್ತಾನೆ. ಪೊಲೀಸರು ಹಿಡಿದು ತರುತ್ತಾರೆ. ‘ಅದು ನಾನೇ ಕೊಟ್ಟದ್ದು, ಮೇಣದಬತ್ತಿ ಸ್ಟ್ಯಾಂಡುಗಳನ್ನೂ ಕೊಟ್ಟಿದ್ದೆನಲ್ಲ, ಅವನ್ನು ಯಾಕೆ ಬಿಟ್ಟು ಹೋದಿರಿ’ ಅಂತ ಬಿಷಪ್ಪರು ಅವನ್ನೂ ಕೈಗಿಡುತ್ತಾರೆ. ಚಿಕ್ಕಂದಿನಿಂದ ನನಗೂ ಇಷ್ಟೇ ಗೊತ್ತಿದ್ದದ್ದು. ಕ್ಷಮೆ ಅಂದರೆ ಆ ಬೆಳಗ್ಗೆ ಅಂತಲೇ ಅಂದುಕೊಂಡಿದ್ದೆ.

ಈಗ ಅನ್ನಿಸುತ್ತಿದೆ, ಮುಖ್ಯವಾದದ್ದೆಲ್ಲ ಹಿಂದಿನ ಸಂಜೆಯೇ ಮುಗಿದಿತ್ತು ಅಂತ.

ಆ ಸಂಜೆ ನೋಡಿ. 1815ರ ಅಕ್ಟೋಬರ್. ಆ ಕೈದಿ ಜಾನ್ ವಾಲ್‌ಜಾನ್‌ಗೆ ಸುಮಾರು 46 ವರ್ಷ. ಅಕ್ಕನ ಏಳು ಮಕ್ಕಳು ಹಸಿದಿದ್ದಾರೆ ಅಂತ 1795ರ ಚಳಿಗಾಲದಲ್ಲಿ ಒಂದು ಬ್ರೆಡ್ಡು ಕದ್ದಿದ್ದ. ಅದಕ್ಕೆ ಐದು ವರ್ಷ. ನಾಲ್ಕು ಸಲ ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ, ಅದಕ್ಕೆ ಇನ್ನೂ 14 ವರ್ಷ. ಒಟ್ಟು 19 ವರ್ಷ ತೂಲೋನ್ ಬಂದರಿನ ಜೈಲಿನಲ್ಲಿ ಸಂಕೋಲೆ ಹಾಕಿಕೊಂಡು ದುಡಿದ. ಅಲ್ಲಿ ಅವನ ಹೆಸರು 24601. ಹೊರಗೆ ಬಿಡುವಾಗ ಕೈಗೆ ಒಂದು ಹಳದಿ ಪಾಸ್‌ಪೋರ್ಟ್ ಕೊಟ್ಟರು. ‘ಈ ಮನುಷ್ಯ ಬಹಳ ಅಪಾಯಕಾರಿ’ ಅಂತ ಅದರಲ್ಲೇ ಬರೆದಿತ್ತು. ಹೋದ ಊರಲ್ಲೆಲ್ಲ ಅದನ್ನು ತೋರಿಸಬೇಕು.

ಅವನು ದೀನ್ಯ ಎಂಬ ಊರಿಗೆ ಬಂದಾಗ ಕಿಸೆಯಲ್ಲಿ 109 ಫ್ರಾಂಕ್ 15 ಸೂ ಇತ್ತು. 19 ವರ್ಷದ ಗಳಿಕೆ ಅಷ್ಟೇ. ಆದರೂ ದುಡ್ಡು ಇತ್ತಲ್ಲ. ಅವನೇನು ಭಿಕ್ಷೆ ಬೇಡಲಿಲ್ಲ, ದುಡ್ಡು ಕೊಡುತ್ತೇನೆ ಊಟ ಕೊಡಿ ಅಂದ. ಮೊದಲ ಹೋಟೆಲಿನವನು ಹೊರಗೆ ಕಳಿಸಿದ. ಎರಡನೆಯವನೂ ಕಳಿಸಿದ. ಜೈಲಿನ ಬಾಗಿಲು ತಟ್ಟಿದ, ಅಲ್ಲಿಯೂ ಒಳಗೆ ಬಿಡಲಿಲ್ಲ. ಒಂದು ಮನೆಯ ಯಜಮಾನ ಬಂದೂಕು ತೆಗೆದ. ಗುಡಿಸಲು ಅಂತ ನುಗ್ಗಿದರೆ ಅದು ನಾಯಿಗೂಡು, ನಾಯಿ ಅಟ್ಟಿಸಿತು. ‘ನಾನು ನಾಯಿಗಿಂತಲೂ ಕಡೆಯಾದೆನಾ’ ಅಂತ ಬೀದಿಯಲ್ಲಿ ಒಂದು ಕಲ್ಲಿನ ಮೇಲೆ ಕುಸಿದು ಕೂಗುತ್ತಾನೆ. ಕೊನೆಗೆ ಚರ್ಚಿನ ಹತ್ತಿರ ಕಲ್ಲುಬೆಂಚಿನ ಮೇಲೆ ಒರಗಿದಾಗ ಒಬ್ಬ ಹೆಂಗಸು ‘ಆ ಬಾಗಿಲು ತಟ್ಟಿದೆಯಾ’ ಅಂತ ಕೈ ತೋರಿಸುತ್ತಾಳೆ.

ಆ ಮನೆ ಬಿಷಪ್ ಮಿರಿಯೆಲ್ ಅವರದು. 75ರ ಮುದುಕರು. ಅವರಿಗೆ ಸರ್ಕಾರ ಕೊಟ್ಟದ್ದು ಅರಮನೆ. ಪಕ್ಕದ ಆಸ್ಪತ್ರೆಯಲ್ಲಿ 26 ಜನ ರೋಗಿಗಳು ಸಣ್ಣ ಸಣ್ಣ ಕೋಣೆಯಲ್ಲಿ ಒತ್ತೊತ್ತಾಗಿ ಮಲಗಿದ್ದನ್ನು ನೋಡಿ ಅರಮನೆಯನ್ನು ಅವರಿಗೆ ಬಿಟ್ಟುಕೊಟ್ಟು, ತಾವು ಆಸ್ಪತ್ರೆಯ ಕಟ್ಟಡಕ್ಕೆ ಬಂದಿದ್ದರು. ಬಾಗಿಲಿಗೆ ಬೀಗ ಇಲ್ಲ, ಬರೀ ಚಿಲಕ.

ಇವನು ಒಳಗೆ ಬಂದವನೇ ಹಳದಿ ಕಾಗದ ಹಿಡಿದು ಎಲ್ಲವನ್ನೂ ಹೇಳಿಬಿಡುತ್ತಾನೆ. ನಾನು ಜೈಲಿನಿಂದ ಬಂದವನು, ದುಡ್ಡಿದೆ, ಲಾಯದಲ್ಲಾದರೂ ಮಲಗಬಹುದಾ ಅಂತ. ಬಿಷಪ್ಪರು ಮನೆಕೆಲಸದ ಮಾಗ್ಲ್ವಾರ್ ಅಮ್ಮನಿಗೆ ಹೇಳುವುದು ಇಷ್ಟೇ. ಇನ್ನೊಂದು ತಟ್ಟೆ ಹಾಕಿ. ಹಾಸಿಗೆಗೆ ಬಿಳಿ ಹೊದಿಕೆ ಹಾಕಿ. ಆಮೇಲೆ ಇವನ ಕಡೆ ತಿರುಗಿ, ‘ಕೂತುಕೊಳ್ಳಿ, ಬೆಂಕಿ ಹತ್ತಿರ ಮೈ ಕಾಯಿಸಿಕೊಳ್ಳಿ’.

ಆಮೇಲೆ ನಡೆದದ್ದು ನನಗೆ ತುಂಬಾ ಇಷ್ಟವಾದದ್ದು. ‘ಈ ದೀಪದ ಬೆಳಕು ಸಾಲದು’ ಅನ್ನುತ್ತಾರೆ ಬಿಷಪ್ಪರು. ಮಾಗ್ಲ್ವಾರ್ ಅಮ್ಮ ಸುಮ್ಮನೆ ಎದ್ದು ಹೋಗಿ ಬೆಳ್ಳಿಯ ಎರಡು ಸ್ಟ್ಯಾಂಡುಗಳನ್ನು ತಂದು ಬತ್ತಿ ಹಚ್ಚುತ್ತಾರೆ. ಊಟಕ್ಕೆ ಕೂತ ಮೇಲೆ, ‘ಮೇಜಿನ ಮೇಲೆ ಏನೋ ಕಡಿಮೆ ಇದೆ ಅನ್ನಿಸುತ್ತದೆ’. ಆಕೆ ಮೂರು ಜನಕ್ಕೆ ಬೇಕಾದಷ್ಟೇ ಬೆಳ್ಳಿ ಚಮಚ-ಫೋರ್ಕು ಇಟ್ಟಿದ್ದಳು. ಯಾರಾದರೂ ನೆಂಟರು ಬಂದರೆ ಆರೂ ಜೊತೆ ಮೇಜಿನ ಮೇಲೆ ಇಡುವುದು ಆ ಮನೆಯ ಪದ್ಧತಿ. ಆಕೆಗೆ ತಕ್ಷಣ ಅರ್ಥವಾಯಿತು. ಉಳಿದ ಮೂರನ್ನೂ ತಂದಿಟ್ಟಳು.

ಬಡ ಮನೆ. ನೀರು, ಎಣ್ಣೆ, ಬ್ರೆಡ್ಡು, ಉಪ್ಪು ಹಾಕಿ ಮಾಡಿದ ಸಾರು, ಒಂಚೂರು ಮಾಂಸ, ಅಂಜೂರ, ಚೀಸು. ಅದರ ಮಧ್ಯೆ ಬೇರೆ ನೆಂಟರಿಗೆ ಇಡುವಷ್ಟೇ ಬೆಳ್ಳಿ, ಒಂದು ಚಮಚವೂ ಕಡಿಮೆ ಇಲ್ಲ. ಮೊದಲು ಆ ಮರ್ಯಾದೆ ಕೊಟ್ಟಿರದಿದ್ದರೆ ಬೆಳಗಿನ ಕ್ಷಮೆ ಬರೀ ದಾನ ಆಗಿಬಿಡುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

‘ಮೊಸ್ಯೂ’ ಅಂತ ಕರೆಯುತ್ತಾರೆ ಬಿಷಪ್ಪರು ಅವನನ್ನು. ಅಂದರೆ ನಮ್ಮಲ್ಲಿ ‘ಯಜಮಾನರೇ’ ಅಂದ ಹಾಗೆ. ಹಡಗು ಮುಳುಗಿ ಬಾಯಾರಿ ಸಾಯುತ್ತಿರುವವನಿಗೆ ಒಂದು ಲೋಟ ನೀರು ಹೇಗೋ, ಕೈದಿಗೆ ಆ ಮಾತು ಹಾಗೆ ಅನ್ನುತ್ತಾನೆ ಹ್ಯೂಗೋ. ‘ನಿಮ್ಮ ಹೆಸರು ನನಗೇಕೆ, ನೀವು ಹೇಳುವ ಮೊದಲೇ ನಿಮ್ಮ ಒಂದು ಹೆಸರು ನನಗೆ ಗೊತ್ತಿತ್ತು’ ಅನ್ನುತ್ತಾರೆ ಬಿಷಪ್ಪರು. ನಿಜವಾಗಲೂ ಗೊತ್ತಿತ್ತಾ ಅಂತ ಇವನಿಗೆ ಆಶ್ಚರ್ಯ. ‘ಹೌದು. ನಿಮ್ಮ ಹೆಸರು ನನ್ನ ತಮ್ಮ.’ ಫ್ರೆಂಚಿನಲ್ಲಿ ಅಣ್ಣನಿಗೂ ತಮ್ಮನಿಗೂ ಒಂದೇ ಪದ. ಸಹೋದರ ಅಂದರೆ ಭಾಷಣದ ಹಾಗೆ ಕೇಳುತ್ತದೆ. 75ರ ಮುದುಕರು 46ರವನನ್ನು ಕರೆಯುವಾಗ ತಮ್ಮ ಅನ್ನುವುದೇ ಸರಿ ಅನ್ನಿಸಿತು ನನಗೆ.

ನಿಮಗೆಲ್ಲ ಏನನ್ನಿಸುತ್ತದೆ? ಆ ಬೆಳಗ್ಗೆ ದೊಡ್ಡದಾ, ಆ ರಾತ್ರಿ ದೊಡ್ಡದಾ?

ಹಳೇ ಬೆಂಚು

ಒಳ್ಳೆ ವಿಷಯ ಎತ್ತಿದಿರಿ. ನಾವು ಹೈಸ್ಕೂಲಲ್ಲಿ ಇದನ್ನೇ ನಾಟಕ ಆಡಿದ್ದೆವು, ‘ದಿ ಬಿಷಪ್ಸ್ ಕ್ಯಾಂಡಲ್‌ಸ್ಟಿಕ್ಸ್’. ನಾರ್ಮನ್ ಮೆಕಿನೆಲ್ ಅವರದು. ನಾನು ಕೈದಿ. ರಟ್ಟಿಗೆ ಬೇಗಡೆ ಹಾಳೆ ಅಂಟಿಸಿ ಬೆಳ್ಳಿ ಸ್ಟ್ಯಾಂಡು ಮಾಡಿದ್ದೆವು. ಕೊನೆಯ ದೃಶ್ಯದಲ್ಲಿ ನನಗೆ ನಿಜವಾಗಲೂ ಅಳು ಬಂದಿತ್ತು, ಮಾತೇ ಹೊರಡಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನೂ ಅಳುತ್ತಿದ್ದಳು.

ನಿಮ್ಮ ಪೋಸ್ಟು ಓದಿದ ಮೇಲೆ ಒಂದು ವ್ಯತ್ಯಾಸ ಹೊಳೆಯಿತು. ನಾಟಕದಲ್ಲಿ ಕೈದಿ ಚಾಕು ಹಿಡಿದು ಹಿಂದಿನಿಂದ ಬರುತ್ತಾನೆ, ಬಿಷಪ್ಪರನ್ನು ಹೆದರಿಸಿ ಊಟ ಕೇಳುತ್ತಾನೆ. ಕಾದಂಬರಿಯಲ್ಲಿ ಬಾಗಿಲು ತಟ್ಟಿ, ತಾನು ಯಾರು ಅಂತ ತಾನೇ ಹೇಳುತ್ತಾನೆ. ಸತ್ಯ ಹೇಳಿಯೇ ಬರುತ್ತಾನೆ. ಎಷ್ಟು ವ್ಯತ್ಯಾಸ ಅಲ್ವಾ? ಚಾಕು ತಂದವನಿಗೆ ಊಟ ಹಾಕಿದರೆ ನೋಡುವವರಿಗೆ ಬಿಷಪ್ಪರ ಧೈರ್ಯ ಕಾಣುತ್ತದೆ. ನಿಜ ಹೇಳಿದ್ದಕ್ಕೇ ಊರೆಲ್ಲ ಬಾಗಿಲು ಹಾಕಿಸಿಕೊಂಡವನಿಗೆ ಊಟ ಹಾಕಿದರೆ ಊರಿನ ತಪ್ಪೂ ಕಾಣುತ್ತದೆ. ಇಷ್ಟು ವರ್ಷ ನಾನು ಅವನನ್ನು ಚಾಕು ಹಿಡಿದವನು ಅಂತಲೇ ನೆನಪಿಟ್ಟುಕೊಂಡಿದ್ದೆ.

ಕಪ್ಪು ಕೋಟು

ನಾನು ವಕೀಲಿ ಮಾಡುವವನು. ಈ ಪುಸ್ತಕ ನನಗೂ ಬಹಳ ಪ್ರೀತಿ. ಆದರೆ ಮೂರು ಮಾತು ಹೇಳಲೇಬೇಕು.

ಒಂದು, ಬಿಷಪ್ಪರು ಪೊಲೀಸರಿಗೆ ಸುಳ್ಳು ಹೇಳಿದರಾ ಇಲ್ಲವಾ? ಇದನ್ನು ಯಾರೂ ಕೇಳುವುದೇ ಇಲ್ಲ.

ಎರಡನೆಯದು ಪುಟ್ಟ ಜೆರ್ವೆ. ಬೆಳ್ಳಿ ತೆಗೆದುಕೊಂಡು ಊರು ಬಿಟ್ಟ ದಿನವೇ ಸಂಜೆ ಬಯಲಿನಲ್ಲಿ ಹತ್ತು ವರ್ಷದ ಹುಡುಗ ಹಾಡು ಹೇಳಿಕೊಂಡು ಬರುತ್ತಾನೆ. ಸವೋಯ್ ಕಡೆಯ ಬಡ ಹುಡುಗ, ಊರೂರು ತಿರುಗಿ ದುಡಿಯುವವನು. ಕೈಯಲ್ಲಿದ್ದ 40 ಸೂ ನಾಣ್ಯ ಉರುಳಿ ಬರುತ್ತದೆ. ವಾಲ್‌ಜಾನ್ ಅದರ ಮೇಲೆ ಬೂಟುಗಾಲು ಇಡುತ್ತಾನೆ. ಹುಡುಗ ಅಂಗಿ ಹಿಡಿದು ಎಳೆಯುತ್ತಾನೆ, ಆ ಬೂಟನ್ನು ಸರಿಸಲು ನೋಡುತ್ತಾನೆ, ಅಳುತ್ತಾನೆ. ಇವನು ಗದರಿಸುತ್ತಾನೆ. ಹುಡುಗ ಹೆದರಿ ಓಡಿಹೋಗುತ್ತಾನೆ. ಬಿಷಪ್ಪರ ಕ್ಷಮೆಯ ನಂತರ ನಡೆದ ಮೊದಲ ಕೆಲಸ ಇದು. ಆ ಮಗುವಿಗೆ ನ್ಯಾಯ ಎಲ್ಲಿ ಸಿಕ್ಕಿತು?

ಮೂರನೆಯದು ನನಗೆ ಜಾಸ್ತಿ ಕಾಡುವುದು. ವಾಲ್‌ಜಾನ್ ಒಳ್ಳೆಯವನಾದ ಸರಿ. ಆದರೆ ತನ್ನ ಹೆಸರಿನಲ್ಲಿ ಆಗಲಿಲ್ಲವಲ್ಲ? ಉತ್ತರದ ಮಾಂತ್ರೈ ಊರಿಗೆ ಬಂದ ಸಂಜೆ ಅಲ್ಲಿ ಬೆಂಕಿ ಬಿದ್ದಿತ್ತು. ಒಳಗೆ ನುಗ್ಗಿ ಎರಡು ಮಕ್ಕಳನ್ನು ಹೊರಗೆ ತಂದ. ಆ ಮಕ್ಕಳು ಪೊಲೀಸ್ ಅಧಿಕಾರಿಯ ಮಕ್ಕಳು. ಹಾಗಾಗಿ ಪಾಸ್‌ಪೋರ್ಟ್ ತೋರಿಸು ಅಂತ ಯಾರೂ ಕೇಳಲಿಲ್ಲ. ಮಾದಲೇನ್ ಅಂತ ಹೆಸರಿಟ್ಟುಕೊಂಡ, ಕಾರ್ಖಾನೆ ಕಟ್ಟಿದ, ಮೇಯರ್ ಆದ. ಆ ಬೆಂಕಿ ಬೀಳದೆ ಇದ್ದಿದ್ದರೆ? ಹಳದಿ ಕಾಗದ ತೋರಿಸಿ ಅಲ್ಲಿಂದಲೂ ಆಚೆ ಹೋಗುತ್ತಿದ್ದ. ಬೆಳ್ಳಿ ಎಷ್ಟಿದ್ದರೇನು?

ಒಬ್ಬರು ಕ್ಷಮಿಸಿದರೆ ಒಬ್ಬ ಮನುಷ್ಯ ಉಳಿಯಬಹುದು. ಕಾಗದ ಮಾತ್ರ ಹಾಗೇ ಇರುತ್ತದೆ. ಶಿಕ್ಷೆ ಮುಗಿಸಿ ಬಂದ ಕಕ್ಷಿದಾರರನ್ನು ನಾನು ನೋಡಿದ್ದೇನೆ. ಬಾಡಿಗೆ ಮನೆ ಸಿಗುವುದಿಲ್ಲ. ಕೆಲಸಕ್ಕೆ ಪೊಲೀಸ್ ವೆರಿಫಿಕೇಶನ್ ಅಂದ ತಕ್ಷಣ ಮುಖ ಬಾಡುತ್ತದೆ. ಅವರಿಗೆ ಬಿಷಪ್ಪರಿಗಿಂತ ಮೊದಲು ಕಾನೂನು ಬದಲಾಗಬೇಕು.

ಕಂದೀಲು

ಕಪ್ಪು ಕೋಟು ಸರ್, ಮೂರನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀವು ಹೇಳಿದ್ದು ಸರಿ. ಹ್ಯೂಗೋಗೂ ಅದೇ ಸಿಟ್ಟು ಇತ್ತು ಅಂತ ಕಾಣುತ್ತದೆ. 1834ರಲ್ಲೇ ‘ಕ್ಲೋದ್ ಗೋ’ ಬರೆದಿದ್ದ, ಅದೂ ಕೈದಿಯ ಕಥೆಯೇ. 1846ರಲ್ಲಿ ಪ್ಯಾರಿಸ್ ಬೀದಿಯಲ್ಲಿ ಬ್ರೆಡ್ಡು ಕದ್ದ ಒಬ್ಬನನ್ನು ಪೊಲೀಸರು ಎಳೆದುಕೊಂಡು ಹೋಗುವುದನ್ನು ಕಣ್ಣಾರೆ ನೋಡಿ ಬರೆದಿಟ್ಟಿದ್ದಾನೆ. ಬರಿಗಾಲಿಗೆ ಮರದ ಮೆಟ್ಟು ಹಾಕಿದ್ದ ಆ ಮನುಷ್ಯ ಅಲ್ಲೇ ನಿಂತಿದ್ದ ಸಾರೋಟಿನೊಳಗಿನ ಶ್ರೀಮಂತ ಹೆಂಗಸನ್ನು ನೋಡುತ್ತಿದ್ದ. ಆಕೆ ಮಾತ್ರ ಅವನನ್ನು ನೋಡಲೇ ಇಲ್ಲವಂತೆ.

ಸುಳ್ಳಿನ ಮಾತಿಗೆ ಬರುತ್ತೇನೆ. ನಾನೂ ಸುಳ್ಳು ಅಂತಲೇ ಅಂದುಕೊಂಡಿದ್ದೆ. ಮತ್ತೆ ಓದಿದೆ. ಬೆಳಗ್ಗೆ ಪೊಲೀಸರು ಬರುವುದಕ್ಕೆ ಮೊದಲೇ ಒಂದು ಮಾತುಕತೆ ಇದೆ. ಬಿಷಪ್ಪರು ತೋಟದಲ್ಲಿ ಓಡಾಡುತ್ತಿದ್ದಾರೆ. ಬೆಳ್ಳಿ ಇಟ್ಟಿದ್ದ ಬುಟ್ಟಿ ಹೂವಿನ ಪಾತಿಯಲ್ಲಿ ಬಿದ್ದಿದೆ, ಒಂದು ಗಿಡ ಮುರಿದಿದೆ. ಮಾಗ್ಲ್ವಾರ್ ಅಮ್ಮ ಗಾಬರಿಯಿಂದ ಓಡಿ ಬಂದು ಬುಟ್ಟಿ ಎಲ್ಲಿ ಅನ್ನುತ್ತಾಳೆ. ಇಗೋ ಅಂತ ಕೊಡುತ್ತಾರೆ. ಒಳಗೆ ಏನೂ ಇಲ್ಲವಲ್ಲ, ಬೆಳ್ಳಿ ಎಲ್ಲಿ? ಅವನೇ ಕದ್ದ ಅಂತ ಆಕೆಗೆ ಗೊತ್ತಾದಾಗ ಬಿಷಪ್ಪರು ಅನ್ನುತ್ತಾರೆ, ಮೊದಲಾಗಿ ಆ ಬೆಳ್ಳಿ ನಮ್ಮದಾ? ಬಡವರದನ್ನು ನಾನೇ ಇಷ್ಟು ದಿನ ಇಟ್ಟುಕೊಂಡಿದ್ದೆ, ಬಂದವನು ಬಡವನೇ ತಾನೆ. ಮತ್ತೆ ಊಟ ಯಾವುದರಲ್ಲಿ ಮಾಡುತ್ತೀರಿ ಅಂತ ಆಕೆಯ ಚಿಂತೆ. ಮರದ ಚಮಚ ಇದೆಯಲ್ಲ ಅನ್ನುತ್ತಾರೆ.

ಅಂದರೆ ಅವನು ಸಿಕ್ಕಿಬೀಳುವ ಮೊದಲೇ ಬೆಳ್ಳಿ ಅವನದಾಗಿತ್ತು. ಪೊಲೀಸರ ಮುಂದೆ ಹೊಸದಾಗಿ ಏನನ್ನೂ ಕಟ್ಟಬೇಕಾಗಿರಲಿಲ್ಲ ಅವರಿಗೆ. ಕೊನೆಗೆ ‘ಒಳ್ಳೆಯವನಾಗುತ್ತೇನೆ ಅಂತ ಮಾತು ಕೊಟ್ಟಿದ್ದೀರಿ, ಮರೆಯಬೇಡಿ’ ಅನ್ನುತ್ತಾರಲ್ಲ, ಅದು ಮಾತ್ರ ಅವನು ಕೊಡದೇ ಇದ್ದ ಮಾತು. ಅದನ್ನು ಬೇಕಾದರೆ ಸುಳ್ಳು ಅನ್ನಿ.

ಹೊಳೆಸಾಲು

ಬುಟ್ಟಿಯ ಭಾಗ ಓದಿ ಬಸವಣ್ಣನವರ ವಚನ ನೆನಪಾಯಿತು. ಆಕಳನ್ನು ಕಳ್ಳರು ಒಯ್ದರು ಅಂತ ಬೊಬ್ಬೆ ಹೊಡೆಯಬೇಡಿ, ಅಲ್ಲಿ ಉಣ್ಣುವವನೂ ಸಂಗನೇ, ಇಲ್ಲಿ ಉಣ್ಣುವವನೂ ಸಂಗನೇ ಅನ್ನುತ್ತಾರಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಏನಾದರೂ ಕಳೆದುಹೋದರೆ ಇದನ್ನೇ ಹೇಳುತ್ತಿದ್ದಳು. ನನಗೆ ಆಗ ಕೋಪ ಬರುತ್ತಿತ್ತು, ಕಳೆದದ್ದು ನನ್ನ ಪೆನ್ನು ತಾನೆ. ಈಗ ಎರಡನ್ನೂ ಒಟ್ಟಿಗೆ ಓದಿದಾಗ ಅಜ್ಜಿಯ ದನಿ ಕೇಳಿದ ಹಾಗಾಯಿತು.

ರೋನ್ ತೀರ

ನಾನು ಹನ್ನೊಂದು ವರ್ಷದಿಂದ ಲಿಯೋನ್‌ನಲ್ಲಿ ಇದ್ದೇನೆ. ಪುಸ್ತಕವನ್ನು ಫ್ರೆಂಚಿನಲ್ಲೇ ಓದಿದ್ದೇನೆ. ಕಂದೀಲು ಅವರ ಒಂದು ಮಾತಿಗೆ ಸ್ವಲ್ಪ ತಿದ್ದುಪಡಿ ಬೇಕು. ನಿಮ್ಮ ವಾದ ಅದರಿಂದ ಇನ್ನೂ ಗಟ್ಟಿಯಾಗುತ್ತದೆ ಅಂತ ನನ್ನ ನಂಬಿಕೆ.

ಫ್ರೆಂಚಿನಲ್ಲೂ ನಮ್ಮ ಹಾಗೆ ನೀನು, ನೀವು ಎರಡೂ ಇವೆ. ಬಿಷಪ್ಪರು ಅವನಿಗೆ ನೀವು ಅನ್ನುತ್ತಾರೆ, ಮೊಸ್ಯೂ ಅನ್ನುತ್ತಾರೆ, ನಿಜ. ಆದರೆ ಮೊದಲು ಹೊರಗೆ ಹಾಕಿದ ಹೋಟೆಲಿನವನು ಇದ್ದಾನಲ್ಲ, ಅವನೂ ‘ಮೊಸ್ಯೂ’ ಅಂತಲೇ ಶುರು ಮಾಡುತ್ತಾನೆ! ಒಲೆಯ ಮೇಲೆ ಮಾಂಸ ಸುಡುತ್ತಿದೆ, ಘಮ ಬರುತ್ತಿದೆ. ಇವನು ಹಸಿದು ಕೂತಿದ್ದಾನೆ. ಹೋಟೆಲಿನವನು ಚೀಟಿ ಬರೆದು ಹುಡುಗನ ಕೈಲಿ ಊರಿನ ಕಚೇರಿಗೆ ಕಳಿಸಿ ವಿಚಾರಿಸುತ್ತಾನೆ. ಉತ್ತರ ಬಂದ ಮೇಲೆ, ‘ಮೊಸ್ಯೂ, ನಿಮ್ಮನ್ನು ಇರಿಸಿಕೊಳ್ಳಲು ಆಗುವುದಿಲ್ಲ’. ಯಾಕೆ, ದುಡ್ಡು ಕೊಡುತ್ತೇನಲ್ಲ ಅಂದರೆ ಕೋಣೆ ಇಲ್ಲ. ಲಾಯ? ಕುದುರೆಗಳಿವೆ. ಊಟ? ಎಲ್ಲ ಬೇರೆಯವರು ಹೇಳಿಟ್ಟದ್ದು. ಕೊನೆಗೆ ಹೇಳುತ್ತಾನೆ, ‘ಎಲ್ಲರ ಹತ್ತಿರವೂ ಮರ್ಯಾದೆಯಿಂದ ಮಾತಾಡುವುದು ನನ್ನ ಅಭ್ಯಾಸ. ಹೊರಡಿ.’

ಹಾಗಾಗಿ ಬರೀ ಮಾತಿನ ಮರ್ಯಾದೆಗೆ ಹ್ಯೂಗೋ ಬೆಲೆ ಕೊಡುವುದಿಲ್ಲ. ಒಂದೇ ಮಾತು ಎರಡು ಕಡೆ. ಒಂದು ಕಡೆ ಅದರ ಹಿಂದೆ ಬಾಗಿಲು ಮುಚ್ಚಿತು. ಇನ್ನೊಂದು ಕಡೆ ಅದರ ಜೊತೆ ಕುರ್ಚಿ ಬಂತು, ತಟ್ಟೆ ಬಂತು, ಬಿಳಿ ಹೊದಿಕೆ ಬಂತು.

ಕುರ್ಚಿ ಅಂದೆ. ಪುಸ್ತಕದ ಕೊನೆಗೆ ಹೋಗಿ. ವಾಲ್‌ಜಾನ್ ಮಗಳ ಹಾಗೆ ಸಾಕಿದ ಕೊಸೆತ್‌ಗೆ ಮದುವೆ ಆಯಿತು. ಮರುದಿನ ಅವನೇ ಹೋಗಿ ಅಳಿಯ ಮಾರಿಯುಸ್ ಮುಂದೆ ‘ನಾನು ಹಳೇ ಕೈದಿ’ ಅಂತ ಒಪ್ಪಿಕೊಳ್ಳುತ್ತಾನೆ. ಯಾರೂ ಕೇಳಿರಲಿಲ್ಲ. ಮಾರಿಯುಸ್ ಕೆಟ್ಟವನಲ್ಲ, ಬೈಯುವುದೂ ಇಲ್ಲ. ಸಂಜೆ ಹೊತ್ತು ಬಂದು ಕೊಸೆತ್‌ಳನ್ನು ನೋಡಿಕೊಂಡು ಹೋಗಲಿ ಅಂತ ಕೆಳಗಿನ ಒಂದು ತೇವದ ಕೋಣೆ ಬಿಡುತ್ತಾರೆ. ಒಂದು ದಿನ ಬಂದರೆ ಒಲೆಯಲ್ಲಿ ಬೆಂಕಿ ಇಲ್ಲ. ಇನ್ನೊಂದು ದಿನ ಎರಡು ಕುರ್ಚಿಗಳೂ ಬಾಗಿಲ ಹತ್ತಿರಕ್ಕೆ ಸರಿದಿವೆ. ಮತ್ತೊಂದು ದಿನ ಕುರ್ಚಿಗಳೇ ಇಲ್ಲ, ನಿಂತುಕೊಂಡೇ ಮಾತಾಡಬೇಕು. ಅವನಿಗೆ ಅರ್ಥವಾಯಿತು. ಮರುದಿನದಿಂದ ಬರುವುದನ್ನೇ ಬಿಟ್ಟ.

18 ವರ್ಷದ ಹಿಂದೆ ಗುರುತೇ ಇಲ್ಲದ ಮುದುಕರು ಬೆಂಕಿ ಹತ್ತಿರ ಕೂತುಕೊಳ್ಳಿ ಅಂದಿದ್ದರು. ಈಗ ಸ್ವಂತ ಮನೆಯವರೇ ಬೆಂಕಿ ಆರಿಸಿ ಕುರ್ಚಿ ತೆಗೆದರು. ನಾನು ಇದನ್ನು ಮೆಟ್ರೋದಲ್ಲಿ ಓದುತ್ತಿದ್ದೆ. ನನ್ನ ಸ್ಟೇಷನ್ ದಾಟಿ ಹೋದದ್ದು ಗೊತ್ತೇ ಆಗಲಿಲ್ಲ.

ಇನ್ನೊಂದು ಸಣ್ಣ ವಿಷಯ. ಆ ರಾತ್ರಿ ಊಟಕ್ಕೆ ಕೂತಾಗ ಬಿಷಪ್ಪರು ಏನು ಮಾತಾಡಿದರು ಗೊತ್ತಾ? ಚೀಸಿನ ಬಗ್ಗೆ. ಇವನು ಹೋಗಬೇಕಾದ ಊರು ಪೊಂತಾರ್ಲಿಯೆ. ಆ ಕಡೆ ಹಳ್ಳಿಯ ಬಡವರು ಹಾಲು ಒಟ್ಟುಗೂಡಿಸಿ ಚೀಸು ಮಾಡುತ್ತಾರೆ, ಅದಕ್ಕೊಬ್ಬ ಕೆಲಸಗಾರನನ್ನು ಇಟ್ಟುಕೊಳ್ಳುತ್ತಾರೆ, ಒಳ್ಳೆಯ ಕೆಲಸ ಅದು ಅಂತ ಮತ್ತೆ ಮತ್ತೆ ಹೇಳುತ್ತಾರಂತೆ. ಬಿಷಪ್ಪರ ತಂಗಿ ಬಾತಿಸ್ತೀನ್ ಇದನ್ನು ಒಂದು ಕಾಗದದಲ್ಲಿ ಬರೆಯುತ್ತಾಳೆ. ನೀನು ಏನು ಮಾಡಿದೆ ಅಂತ ಒಂದು ಸಲವೂ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ. ನೋವಿರುವ ಜಾಗವನ್ನು ಮುಟ್ಟದೆ ಇರುವುದೇ ದೊಡ್ಡ ಕರುಣೆ ಅಲ್ಲವಾ ಅಂತ ಆಕೆಗೆ ಅನ್ನಿಸುತ್ತದೆ. ಕಂದೀಲು ಅವರೇ, ನನ್ನ ವೋಟು ರಾತ್ರಿಗೆ.

ಜೋಳದ ರೊಟ್ಟಿ

ನಾನು ಇಲ್ಲಿ ಓದುವವಳು, ಬರೆಯುವವಳಲ್ಲ. ಆದರೆ ಕುರ್ಚಿಯ ಮಾತು ಓದಿದ ಮೇಲೆ ಎರಡು ದಿನದಿಂದ ನಿದ್ದೆ ಇಲ್ಲ. ಬರೆದುಬಿಡುತ್ತೇನೆ.

ನನ್ನದು ಸಣ್ಣ ಖಾನಾವಳಿ. ದಿನಕ್ಕೆ ನೂರು ನೂರಿಪ್ಪತ್ತು ಊಟ. ಹೋದ ವರ್ಷ ಮಳೆಗಾಲದಲ್ಲಿ ಒಬ್ಬರು ಕೆಲಸ ಕೇಳಿಕೊಂಡು ಬಂದರು. ಐವತ್ತರ ಹತ್ತಿರ ವಯಸ್ಸು. ‘ಅಕ್ಕಾರ, ಮೊದಲೇ ಹೇಳ್ತೀನಿ, ನಾನು ಜೈಲಿನಾಗ ಒಂಬತ್ತು ವರ್ಷ ಇದ್ದು ಬಂದೀನಿ. ಅಡುಗೆ ಅಲ್ಲೇ ಕಲಿತೀನಿ’ ಅಂದರು. ನನಗೆ ಎದೆ ಧಸಕ್ಕೆಂದಿತು. ಆದರೂ ಅಷ್ಟು ನೇರವಾಗಿ ಹೇಳಿದ್ದು ಹಿಡಿಸಿತು. ಇಟ್ಟುಕೊಂಡೆ. ಏನು ಮಾಡಿದ್ದಿರಿ ಅಂತ ಕೇಳಲಿಲ್ಲ.

ಅವರ ಕೈಯ ಮುಳಗಾಯಿ ಎಣ್ಣೆಗಾಯಿ ತಿಂದವರು ಇನ್ನೊಂದು ಸಲ ಬಂದೇ ಬರುತ್ತಿದ್ದರು. ಬೆಳಗ್ಗೆ ಐದಕ್ಕೆ ಬಂದು ಒಲೆ ಹಚ್ಚುವರು. ನಾನು ನನ್ನ ಕೆಲಸದವರಿಗೆಲ್ಲ ‘ನೀ’ ಅನ್ನುವುದು, ಅವರೂ ನನ್ನನ್ನು ಅಕ್ಕ ಅನ್ನುವುದು, ಅದು ರೂಢಿ. ಇವರಿಗೆ ಮಾತ್ರ ಮೊದಲ ದಿನದಿಂದ ‘ನೀವು’ ಅಂದೆ. ಯಾಕೋ ಹಾಗೆ ಬಂತು. ಮಧ್ಯಾಹ್ನ ಗದ್ದಲ ಮುಗಿದ ಮೇಲೆ ಎಲ್ಲರ ಜೊತೆ ನನ್ನ ಎದುರಿಗೇ ಊಟಕ್ಕೆ ಕೂರುತ್ತಿದ್ದರು.

ಎಂಟು ತಿಂಗಳಾಗಿತ್ತು. ಒಂದು ಶನಿವಾರ ಗಲ್ಲಾದಲ್ಲಿ 1,200 ರೂಪಾಯಿ ಕಡಿಮೆ ಬಂತು. ಮೂರು ಸಲ ಎಣಿಸಿದೆ. ಒಳಗೆ ಹೋದೆ. ಆರು ಜನ ಇದ್ದರು. ನಾನು ನೇರವಾಗಿ ಅವರ ಹತ್ತಿರವೇ ಹೋದೆ. ‘ನೀ ಏನರೆ ಗಲ್ಲಾದ ಕಡೆ ಬಂದಿದ್ಯಾ?’ ಅಂತ ಕೇಳಿದೆ. ಕಳ್ಳ ಅನ್ನಲಿಲ್ಲ. ದನಿ ಏರಿಸಲಿಲ್ಲ. ಆದರೆ ಎಂಟು ತಿಂಗಳು ನೀವು ಅಂದ ಬಾಯಿಂದ ಅವತ್ತು ನೀ ಬಂತು. ಉಳಿದ ಐದು ಜನರಲ್ಲಿ ಯಾರನ್ನೂ ಕೇಳಲಿಲ್ಲ.

ಅವರು ನನ್ನ ಮುಖ ನೋಡಿದರು. ‘ಇಲ್ರೀ ಅಕ್ಕಾರ’ ಅಂದರು. ಹಿಟ್ಟಿನ ಕೈ ತೊಳೆದುಕೊಂಡರು. ಇನ್ನೂ ನಾಲ್ಕು ರೊಟ್ಟಿ ಬಡಿಯುವುದಿತ್ತು, ಅವನ್ನು ಬಡಿದು ಬೇಯಿಸಿ ಬುಟ್ಟಿಗೆ ಹಾಕಿದರು. ಹೆಗಲ ಮೇಲಿನ ಟವೆಲ್ ಮಡಚಿ ಕಿಟಕಿಯಲ್ಲಿಟ್ಟರು. ಸಂಜೆ ಹೋದವರು ಮರುದಿನ ಬರಲಿಲ್ಲ.

ರಾತ್ರಿ ಮಗ ಬಂದು ‘ಅವ್ವಾ, ಗ್ಯಾಸ್ ಸಿಲಿಂಡರಿಗೆ ಗಲ್ಲಾದಿಂದ ತಗೊಂಡಿದ್ದೆ, ಹೇಳೋದು ಮರೆತೆ’ ಅಂದ.

ಹನ್ನೊಂದು ದಿನದ ಪಗಾರ ಕವರಿನಲ್ಲಿ ಹಾಕಿ ಗಲ್ಲಾದ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇನೆ. ಫೋನು ಸ್ವಿಚ್ಡ್ ಆಫ್. ಮೂರು ತಿಂಗಳಾಯಿತು. ಒಳ್ಳೆಯವಳು ಅಂತ ನನ್ನ ಬಗ್ಗೆ ನನಗೇ ಒಂದು ಹೆಮ್ಮೆ ಇತ್ತು. ಕುರ್ಚಿ ತೆಗೆದವಳು ನಾನೇ.

ಕಪ್ಪು ಕೋಟು

ಜೋಳದ ರೊಟ್ಟಿ ಅಕ್ಕ, ನಿಮ್ಮ ಪೋಸ್ಟನ್ನು ಎರಡು ಸಲ ಓದಿದೆ. ಕಾನೂನು ಬದಲಾಗಬೇಕು ಅಂತ ಬರೆದಿದ್ದೆ, ಈಗಲೂ ಅದೇ ಅನ್ನುತ್ತೇನೆ. ಆದರೆ ನಿಮ್ಮ ಅಡುಗೆಮನೆಯಲ್ಲಿ ಯಾವ ಹಳದಿ ಕಾಗದವೂ ಇರಲಿಲ್ಲ. ಎಂಟು ತಿಂಗಳು ಅವರಿಗೆ ಹೆಸರು ಇತ್ತು, ಊಟಕ್ಕೆ ನಿಮ್ಮ ಎದುರಿಗೆ ಜಾಗ ಇತ್ತು. ಅದನ್ನು ಯಾವ ಕಾನೂನೂ ಕೊಡಲಾರದು. ನಾನು ಇದನ್ನು ಮೊದಲು ಯೋಚಿಸಿರಲಿಲ್ಲ.

ಹಳೇ ಬೆಂಚು

ಅಕ್ಕ, ನೀವು ಇಷ್ಟು ಬರೆದಿರಲ್ಲ, ಅದಕ್ಕೇ ದೊಡ್ಡ ಧೈರ್ಯ ಬೇಕು. ನಿಮ್ಮನ್ನು ನೀವು ಅಷ್ಟು ಬೈದುಕೊಳ್ಳಬೇಡಿ.

ರೋನ್ ತೀರ

ಅಕ್ಕ, ನಾನು ಬೇಡ ಅನ್ನುವುದಿಲ್ಲ. ನೀವು ಅನ್ನುತ್ತಿರುವುದು ನಿಮಗೆ ಸರಿಯಾಗಿ ಗೊತ್ತಿದೆ. ಪುಟ್ಟ ಜೆರ್ವೆಗೆ ಆಮೇಲೆ ಏನಾಯಿತು ಅಂತ ಕಪ್ಪು ಕೋಟು ಸರ್ ಕೇಳಿದ್ದರಲ್ಲ. ಆ ಮುಂದಿನ ಭಾಗ ನಿಮಗೋಸ್ಕರ ಬರೆಯುತ್ತೇನೆ.

ಹುಡುಗ ಓಡಿಹೋದ ಮೇಲೆ ವಾಲ್‌ಜಾನ್ ಸುಮ್ಮನೆ ನಿಂತಿರುತ್ತಾನೆ. ಕತ್ತಲಾಗುತ್ತದೆ, ಚಳಿ ಆಗುತ್ತದೆ. ಕೋಲು ಎತ್ತಲು ಬಗ್ಗಿದಾಗ ಬೂಟಿನ ಕೆಳಗೆ ನಾಣ್ಯ ಹೊಳೆಯುತ್ತದೆ. ಆಗ ಎಚ್ಚರವಾದ ಹಾಗೆ ಆಗಿ ಹುಡುಗ ಹೋದ ದಿಕ್ಕಿಗೆ ಓಡುತ್ತಾನೆ. ‘ಪುಟ್ಟ ಜೆರ್ವೆ! ಪುಟ್ಟ ಜೆರ್ವೆ!’ ಅಂತ ಕೂಗುತ್ತಾನೆ. ಬಯಲಲ್ಲಿ ಯಾರೂ ಇಲ್ಲ. ಕುದುರೆ ಮೇಲೆ ಬಂದ ಒಬ್ಬ ಪಾದ್ರಿಯನ್ನು ನಿಲ್ಲಿಸಿ ಹುಡುಗನನ್ನು ನೋಡಿದಿರಾ ಅನ್ನುತ್ತಾನೆ. ಬಡವರಿಗೆ ಕೊಡಿ ಅಂತ ಐದು ಫ್ರಾಂಕಿನ ಎರಡು ನಾಣ್ಯ ಕೊಡುತ್ತಾನೆ, ಮತ್ತೆ ಎರಡು ಕೊಡುತ್ತಾನೆ. ‘ನನ್ನನ್ನು ಹಿಡಿಸಿಕೊಡಿ, ನಾನು ಕಳ್ಳ’ ಅನ್ನುತ್ತಾನೆ. ಪಾದ್ರಿ ಹೆದರಿ ಕುದುರೆ ಓಡಿಸಿಕೊಂಡು ಹೋಗುತ್ತಾನೆ. ಕೊನೆಗೆ ಮೂರು ದಾರಿ ಕೂಡುವಲ್ಲಿ ಕಾಲು ಕುಸಿದು ಕೂತು ಅಳುತ್ತಾನೆ. 19 ವರ್ಷದಲ್ಲಿ ಮೊದಲ ಸಲ.

ಹುಡುಗ ಸಿಗಲೇ ಇಲ್ಲ. ಆದರೆ ಮುಂದೆ ಅವನು ಮೇಯರ್ ಆದಮೇಲೆ ಆ ಊರಿನಲ್ಲಿ ಸವೋಯ್ ಕಡೆಯ ಹುಡುಗ ಯಾರೇ ಕಾಣಿಸಿಕೊಂಡರೂ ಕರೆಸಿ, ಹೆಸರು ಕೇಳಿ, ಕೈಯಲ್ಲಿ ದುಡ್ಡಿಟ್ಟು ಕಳಿಸುತ್ತಿದ್ದ. ಮೇಯರ್ ಯಾಕೆ ಹೀಗೆ ಮಾಡುತ್ತಾರೆ ಅಂತ ಊರಿನವರಿಗೆ ಗೊತ್ತೇ ಇರಲಿಲ್ಲ. ಆ ಹುಡುಗರು ಮಾತ್ರ ಒಬ್ಬರಿಗೊಬ್ಬರು ಹೇಳಿಕೊಂಡು ತುಂಬಾ ಜನ ಬರುತ್ತಿದ್ದರಂತೆ.

ಬಿಷಪ್ಪರ ಆ ಎರಡು ಸ್ಟ್ಯಾಂಡುಗಳನ್ನು ಮಾತ್ರ ಅವನು ಕೊನೆಯವರೆಗೂ ಮಾರಲಿಲ್ಲ. 1833ರಲ್ಲಿ ಸಾಯುವ ರಾತ್ರಿ ಅವುಗಳಲ್ಲೇ ಬತ್ತಿ ಉರಿಯುತ್ತಿತ್ತು.

ಅಕ್ಕ, ವಾಲ್‌ಜಾನ್‌ಗೆ ಆ ಹುಡುಗನ ಊರು ಗೊತ್ತಿರಲಿಲ್ಲ. ನಿಮಗೆ ಗೊತ್ತಿರಬಹುದಾ?

ಜೋಳದ ರೊಟ್ಟಿ

ಗೊತ್ತಿದೆ. ಬಸ್ಸಿಗೆ ಎರಡೂವರೆ ತಾಸು. ತಾಯಿ ಅಲ್ಲಿ ಇದ್ದಾರೆ ಅಂತ ಒಂದು ಸಲ ಹೇಳಿದ್ದರು. ದುಡ್ಡು ಕಳಿಸಿದರೆ ಸಾಕಲ್ಲವಾ ಅಂತ ನಮ್ಮ ಮಗ ಅನ್ನುತ್ತಿದ್ದ. ಅದು ಬೇಡ ಅನ್ನಿಸಿತು.

ಅಲ್ಲಿಗೆ ಹೋಗಿ ಏನು ಹೇಳಬೇಕು ಅಂತ ತಿಳಿಯುತ್ತಿಲ್ಲ. ಎಲ್ಲರ ಎದುರಿಗೆ ಕೇಳಿದ್ದೆ, ಎಲ್ಲರ ಎದುರಿಗೇ ತಪ್ಪಾಯಿತು ಅನ್ನಬೇಕು. ಉಳಿದ ಐದು ಜನರಿಗೂ ಹೇಳಿದ್ದೇನೆ. ಇಬ್ಬರು ನಾವೂ ಬರುತ್ತೇವೆ ಅಂದಿದ್ದಾರೆ.

ಭಾನುವಾರ ಖಾನಾವಳಿ ಬಂದ್ ಇಡುತ್ತೇನೆ. ಬೆಳಗ್ಗೆ ಆರೂವರೆ ಬಸ್ಸು.